ಕಾಲೇಜಿಗೆ ಒಬ್ಬಳು, ಅಂಗಡಿಗೆ ಒಬ್ಬಳು

"ಓದಬೇಡ ಅಂತ ನಾನೆಲ್ಲಿ ಹೇಳ್ದೆ? ಓದು. ಬಿ.ಕಾಂ. ಓದು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಅಂಗಡಿ. ನಡ್ಕೊಂಡು ಹೋಗಿ ನಡ್ಕೊಂಡು ಬರೋ ಕಾಲೇಜು ಮನೆ ಪಕ್ಕದಲ್ಲೇ ಇರುವಾಗ ಬಸ್ ಹತ್ತಿ ಸಮುದ್ರದ ಕಡೆಗೆ ಯಾಕೆ ಹೋಗ್ಬೇಕು ನೀನು?"

ಇಷ್ಟು ಹೇಳಿ ಚಂದ್ರಮತಿಯವರು ಮೊಮ್ಮಗಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು. ತಟ್ಟೆಯಲ್ಲಿ ಮೊದಲು ಹಾಕಿದ್ದೇ ಹಾಗೆ ಇತ್ತು. ಸೌಂದರ್ಯಾ ಕೈ ಇಟ್ಟಿರಲಿಲ್ಲ. ಪ್ಲಸ್ ಟೂ ಫಲಿತಾಂಶ ಬಂದ ದಿನದಿಂದ ಆ ಮನೆಯಲ್ಲಿ ಊಟಕ್ಕೆ ಕೂತರೆ ಇದೇ ಮಾತು. ಹುಡುಗಿಗೆ ಒಳ್ಳೆಯ ಅಂಕಗಳು ಬಂದಿದ್ದವು. ಅದೇ ತಂಟೆಗೆ ಕಾರಣವಾಯಿತು. ಕಡಿಮೆ ಬಂದಿದ್ದರೆ ಕೇಳುವ ಕಾಲೇಜು ಒಂದೇ ಇರುತ್ತಿತ್ತು.

"ಅಜ್ಜಿ, ಅಲ್ಲೂ ಬಿಸಿನೆಸ್ ಹೇಳಿಕೊಡ್ತಾರೆ. ಅದರ ಜೊತೆಗೆ ಹಿಸ್ಟರಿ, ಲಿಟರೇಚರ್, ಫಿಲಾಸಫಿ. ಎಲ್ಲಾ ಒಂದೇ ಡಿಗ್ರಿ."

"ಪಾತ್ರೆ ಬಾಡಿಗೆ ಕೊಡೋದಕ್ಕೆ ಫಿಲಾಸಫಿ ಯಾತಕ್ಕೆ? ಹಂಡೆ ಮುಂದೆ ಕೂತ್ಕೊಂಡು, ಹಂಡೆಯೇ, ನೀನು ನಿಜವೋ ಸುಳ್ಳೋ ಅಂತ ಕೇಳ್ತೀಯಾ?"

ಕುರ್ಚಿಯ ಮೇಲೆ ಕೂತು, ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡಿದ್ದ ಶಾಂತವೀರಪ್ಪ ನಕ್ಕುಬಿಟ್ಟ. ತಾಯಿ ತಿರುಗಿ ನೋಡಿದ ಕೂಡಲೇ ಆ ನಗೆಯನ್ನು ಕೆಮ್ಮು ಮಾಡಿಕೊಂಡ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಉಮಾಮಹೇಶ್ವರಿ ಮಜ್ಜಿಗೆಯ ಪಾತ್ರೆ ಹಿಡಿದುಕೊಂಡು ಹಾಗೇ ನಿಂತಿದ್ದಳು. ಅಂಗಡಿಯ ಮಾತು ಬಂದಾಗ ಅವಳು ಒಳಗೆ ಬರುತ್ತಿರಲಿಲ್ಲ.

ತಿಪಟೂರಿನ ಕಡೆಯಿಂದ ಮದರಾಸಿಗೆ ಬಂದು ನೆಲೆಸಿದ ಮನೆತನ ಅದು. ಚಂದ್ರಮತಿಯವರ ಯಜಮಾನರು ಮೈಲಾಪೂರಿನ ಗಲ್ಲಿಯೊಂದರಲ್ಲಿ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟರು. ಕೆಳಗೆ ಅಂಗಡಿ, ಮೇಲೆ ಮನೆ. ಹಂಡೆ, ಕೊಪ್ಪರಿಗೆ, ಬಾಣಲೆ, ಸೌಟು, ಜಮಖಾನ ಎಲ್ಲವೂ ಅಲ್ಲಿ ಸಿಗುತ್ತಿದ್ದವು. ಪಾತ್ರೆಗಳು ಎರಡು ಸಾಲಾಗಿ ಇರುತ್ತಿದ್ದವು. ಬೀದಿಗೆ ಕಾಣುವ ಹೊರಗಿನ ಸಾಲು ಮದುವೆ ಮುಂಜಿಯದು. ಗೋಡೆಯ ಹಿಂದೆ, ಕತ್ತಲೆಯ ಕಡೆ ಇರುವ ಒಳಗಿನ ಸಾಲು ಸಾವಿನ ಮನೆಯದು, ತಿಥಿಯದು. ಆ ಪಾತ್ರೆಗಳ ಅಂಚಿಗೆ ಹಸಿರು ಬಣ್ಣ ಹಚ್ಚಿರುತ್ತಿತ್ತು. ಒಂದು ಸಾಲಿನದು ಇನ್ನೊಂದು ಸಾಲಿಗೆ ಹೋಗಬಾರದು.

ಇದರಲ್ಲಿ ಒಂದು ವಿಚಿತ್ರವಿದೆ. ಲಿಂಗ ಕಟ್ಟಿದ ಆ ಮನೆಯವರಿಗೆ ಸೂತಕವೆಂಬುದೇ ಇಲ್ಲ. ಯಜಮಾನರು ತೀರಿಕೊಂಡ ದಿನವೂ ಚಂದ್ರಮತಿಯವರು ಕಣ್ಣೀರು ಒರೆಸಿಕೊಂಡು, ವಿಭೂತಿ ಧರಿಸಿ, ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆ ಮಾಡಿದ್ದರು. ಸೂತಕ ಇದ್ದದ್ದು ಗಿರಾಕಿಗಳಿಗೆ. ಅವರಿಗಾಗಿ ಈ ಎರಡು ಸಾಲು.

ಉಮಾ ಮದುವೆಯಾಗಿ ಬಂದ ಹೊಸದರಲ್ಲಿ ಈ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ತೌರಿನಲ್ಲಿ ಅಂಥ ಭೇದ ಕಂಡವಳಲ್ಲ. ಒಂದು ಮುಹೂರ್ತದ ದಿನ ಹೊರಗಿನ ಸಾಲಿನಲ್ಲಿ ಹಂಡೆಯೊಂದು ಕಡಿಮೆ ಬಿತ್ತು. ಗಂಡಸರು ಯಾರೂ ಇರಲಿಲ್ಲ. ಒಳಗೆ ಹಂಡೆಗಳು ಖಾಲಿ ಇವೆಯಲ್ಲ ಎಂದು ಅವಳೇ ಒಂದನ್ನು ಎತ್ತಿಕೊಟ್ಟಳು. ಮಂಟಪದಲ್ಲಿ ಹಸಿರು ಅಂಚು ಕಂಡವರು ಕೂಗಾಡಿದರು... ಮಾಡಿದ ಅನ್ನವನ್ನೆಲ್ಲ ಚೆಲ್ಲಿ ಮತ್ತೆ ಒಲೆ ಹೊತ್ತಿಸಿದರು. ಆ ವರ್ಷ ಎಷ್ಟೋ ಮಂಟಪದವರು ಇವರ ಅಂಗಡಿಯನ್ನು ಬಿಟ್ಟರು. ಯಜಮಾನರು ಮನೆಮನೆಗೆ ಹೋಗಿ ಕೈಮುಗಿದರು. ಮುಂದಿನ ವರ್ಷ ಅವರು ಹೋಗಿಬಿಟ್ಟರು. ಎದೆನೋವು ಅವರಿಗೆ ಮೊದಲಿನಿಂದಲೂ ಇತ್ತು. ಆದರೆ ಚಂದ್ರಮತಿಯವರು ಆ ಎರಡನ್ನೂ ಒಂದೇ ದಾರದಲ್ಲಿ ಕಟ್ಟಿಕೊಂಡರು. ಸೊಸೆ ಅಂದಿನಿಂದ ಅಂಗಡಿಯ ಹೊಸ್ತಿಲು ದಾಟಿಲ್ಲ. ಮೇಲಿನ ಮನೆಯಿಂದ ಬೀದಿಗೆ ಹೋಗಬೇಕಾದರೂ ಪಕ್ಕದ ಮೆಟ್ಟಿಲು. ಅತ್ತೆ ಅವಳೊಡನೆ ಅಡುಗೆ, ಹಬ್ಬ, ಜ್ವರ, ಔಷಧಿ ಎಲ್ಲ ಮಾತಾಡುತ್ತಿದ್ದರು. ಅಂಗಡಿಯ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ.

ಆ ಬೇಸಿಗೆಯಲ್ಲಿ ಶಾಂತವೀರಪ್ಪ ಅಟ್ಟದ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಇನ್ನು ಭಾರ ಎತ್ತಬಾರದು, ಓಡಾಡಬಾರದು ಎಂದರು ಡಾಕ್ಟರು. ಮದುವೆಯ ಪಾತ್ರೆಗೆ ಮುಂಚೆಯೇ ಹೇಳಿರುತ್ತಾರೆ, ಅದನ್ನು ಮುದುಕಿ ಹೇಗೋ ನಿಭಾಯಿಸುತ್ತಿದ್ದರು. ಸಾವಿನ ಮನೆಯವರು ಹೊತ್ತು ನೋಡಿ ಬರುವುದಿಲ್ಲ. ಆಳು ಅಂದಾನಿ ಒಳಗಿನ ಸಾಲು ಮುಟ್ಟಲು ದಿನಾ ಗೊಣಗುವವನು. ಒಳಗಿನ ಪಾತ್ರೆ ಎತ್ತಿಕೊಡುವುದು ಮುದುಕಿಯ ಕೈಲಾಗದು, ಮನೆಯವರು ಬೇರೆ ಯಾರಾದರೂ ಇಡೀ ಮಧ್ಯಾಹ್ನ ಕೂರಲೇಬೇಕು. ಕೂರಬೇಕಾದವಳು ಸೌಂದರ್ಯಾ ಎಂಬುದು ಅಜ್ಜಿಯ ತೀರ್ಮಾನ.

"ಅವ್ವ, ಒಂದು ಸಲ ನೀನೇ ಹೋಗಿ ಆ ಕಾಲೇಜು ನೋಡ್ಕೊಂಡು ಬಾ," ಎಂದ ಶಾಂತವೀರಪ್ಪ, ಮೆಲ್ಲಗೆ. "ಹುಡುಗಿ ಜೊತೆ ಮನೆಯೋರು ಒಬ್ಬರು ಬರಬೇಕಂತೆ. ನಾನಂತೂ ಹೀಗೆ ಬಿದ್ದಿದೀನಿ. ನಿನಗೆ ಸರಿ ಕಾಣದಿದ್ರೆ ಬೇಡ ಅಂತೀಯಂತೆ."

ಹೊಸ ಮಂಟಪದವರು ಪಾತ್ರೆ ಕೇಳಿದರೆ, ಅಲ್ಲಿಯ ಅಡುಗೆಮನೆ ನೋಡದೆ ಚಂದ್ರಮತಿಯವರು ಒಂದು ಸೌಟನ್ನೂ ಕೊಟ್ಟವರಲ್ಲ. ನೋಡಿಬರುವುದೆಂದರೆ ಅವರಿಗೆ ಒಪ್ಪಿಗೆಯೇ.

ತಿರುವಾನ್ಮಿಯೂರು ದಾಟಿ ಆಟೋ ನಿಂತಾಗ ಸಮುದ್ರದ ಗಾಳಿ ಬೀಸುತ್ತಿತ್ತು. ಕಟ್ಟಡ ಹೊಸದು, ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಚಂದ್ರಮತಿಯವರು ಆಫೀಸಿನ ಕಡೆ ತಿರುಗದೆ ನೇರವಾಗಿ ಕ್ಯಾಂಟೀನಿನ ಹಿಂಬಾಗಿಲಿಗೆ ಹೋದರು.

"ಏನಜ್ಜಿ ಇದು! ಅಲ್ಲಿ ಯಾಕೆ ಹೋಗ್ತೀರ?" ಸೌಂದರ್ಯಾ ನಾಚಿಕೆಯಿಂದ ಮುಖ ಕೆಂಪು ಮಾಡಿಕೊಂಡು ಹಿಂದೆ ಓಡಿದಳು.

"ಸುಮ್ನಿರೇ. ಯಜಮಾನಿಕೆ ಹೆಂಗಿದೆ ಅಂತ ಅಡುಗೆಮನೆ ಹೇಳುತ್ತೆ." ಅವರು ಅಡುಗೆಯವನನ್ನು ತಮಿಳಿನಲ್ಲಿ ಗದರಿಕೊಂಡರು. "ಅಲ್ಲಪ್ಪಾ, ಅಲ್ಯೂಮಿನಿಯಂ ಪಾತ್ರೇಲಿ ಹುಳಿ ಕಾಯಿಸ್ತೀಯಾ? ಮಕ್ಕಳು ತಿನ್ನೋದು ತಾನೆ?" ಅವನು ತಬ್ಬಿಬ್ಬಾಗಿ, ನಾಳೆಯಿಂದ ಬದಲಾಯಿಸುತ್ತೇನಮ್ಮ ಎಂದ. ತೊಳೆಯುವ ಕಡೆ ನೀರು ನಿಂತಿಲ್ಲದಿರುವುದನ್ನು ನೋಡಿಕೊಂಡು, "ಹ್ಞೂಂ, ಪರವಾಗಿಲ್ಲ," ಎಂದು ಮುದುಕಿ ಆಫೀಸಿಗೆ ನಡೆದರು.

ಕೌಸಲ್ಯಾ ಎಂಬ ಅಧ್ಯಾಪಕಿ ಇಬ್ಬರನ್ನೂ ಕೂರಿಸಿಕೊಂಡರು. ಹತ್ತಿ ಸೀರೆ ಉಟ್ಟ, ನಿಧಾನದ ಹೆಂಗಸು. ಅಂಕಪಟ್ಟಿಯನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟು, ಹುಡುಗಿಯನ್ನು ತಮಿಳಿನಲ್ಲೇ ಕೇಳಿದರು. "ನಿನ್ನ ಮನೆಯಲ್ಲಿ ದಿನಾ ನಡೆಯುವ, ಆದರೆ ನಿನಗೆ ಅರ್ಥವಾಗದ ಒಂದು ವಿಷಯ ಹೇಳಮ್ಮ."

ಸೌಂದರ್ಯಾ ಅಜ್ಜಿಯ ಮುಖ ನೋಡಿದಳು. ತಲೆ ತಗ್ಗಿಸಿದಳು. ಅವಳು ಬೇರೆ ಏನನ್ನಾದರೂ ಹೇಳಬಹುದಿತ್ತು. ಆದರೆ ಅವಳಿಗೆ ಹುಟ್ಟಿದಾಗಿನಿಂದ ಅರ್ಥವಾಗದೆ ಇದ್ದದ್ದು ಒಂದೇ.

"ನಮ್ಮ ಅಂಗಡೀಲಿ ಪಾತ್ರೆ ಎರಡು ಸಾಲು ಇದೆ, ಮೇಡಂ. ಮದುವೆಗೆ ಒಂದು, ಸಾವಿಗೆ ಒಂದು. ನಮಗೆ ಸೂತಕ ಇಲ್ಲ. ಆದರೂ ಸೂತಕದ ಪಾತ್ರೆ ಮದುವೆಗೆ ಕೊಟ್ಟಳು ಅಂತ ನಮ್ಮಮ್ಮನನ್ನ ಅಂಗಡಿ ಒಳಗೆ ಬಿಡಲ್ಲ. ನಾನು ಹುಟ್ಟೋಕೆ ಮುಂಚಿಂದ ಬಿಟ್ಟಿಲ್ಲ. ನಾವು ನಂಬದೇ ಇರೋ ತಪ್ಪಿಗೆ ನಮ್ಮಮ್ಮನಿಗೆ ಯಾಕೆ ಶಿಕ್ಷೆ? ಬಿ.ಕಾಂ.ನಲ್ಲಿ ಲೆಕ್ಕ ಬರೆಯೋದು ಹೇಳಿಕೊಡ್ತಾರೆ. ಇದನ್ನ ಹೇಳಿಕೊಡಲ್ಲ. ಅದಕ್ಕೇ ಇಲ್ಲಿಗೆ ಬಂದೆ."

ಚಂದ್ರಮತಿಯವರು ಸೆರಗನ್ನು ಭುಜದ ಮೇಲೆ ಎಳೆದುಕೊಂಡರು. ಅವರ ತಮಿಳು ಮೊಮ್ಮಗಳದಕ್ಕಿಂತ ಹಳೆಯದು, ಗಟ್ಟಿಯಾದದ್ದು.

"ಇವಳು ಹೇಳಿದ್ದು ನಿಜ, ಟೀಚರಮ್ಮ. ಆದರೆ ಅರ್ಧ ನಿಜ. ನಮ್ಮ ಯಜಮಾನರು ಒಂದೊಂದು ಮನೆಗೂ ಹೋಗಿ, ನಮಗೆ ಸೂತಕ ಇಲ್ಲ ಸ್ವಾಮಿ, ಗೊತ್ತಿಲ್ಲದೆ ಆಯ್ತು ಅಂದ್ರು. ನಿಮಗಿಲ್ಲ, ನಮಗಿದೆಯಲ್ಲ ಅಂದ್ರು ಅವರು. ನಂಬಿಕೆ ಅವರದು, ಪಾತ್ರೆ ನಮ್ಮದು. ಅವರ ನಂಬಿಕೆ ಕಾಯದಿದ್ರೆ ನಮ್ಮ ಒಲೆ ಉರಿಯಲ್ಲ. ಇದಕ್ಕೆ ನಿಮ್ಮ ಪುಸ್ತಕದಲ್ಲಿ ಏನು ಬರ್ದಿದೆ?"

"ಪುಸ್ತಕದಲ್ಲಿ ಉತ್ತರ ಇಲ್ಲಮ್ಮ," ಎಂದರು ಕೌಸಲ್ಯಾ. "ನೀವು ಹೇಳಿದ್ದನ್ನ ಇಲ್ಲಿ ವ್ಯಾಪಾರದ ತರಗತಿಯಲ್ಲಿ ಕೇಳ್ತೀವಿ, ಇವಳು ಹೇಳಿದ್ದನ್ನ ಚರಿತ್ರೆಯ ತರಗತಿಯಲ್ಲಿ. ಎರಡೂ ತರಗತಿಯಲ್ಲಿ ಕೂರೋದು ಅದೇ ಮಕ್ಕಳು. ಅಷ್ಟೇ ಇಲ್ಲಿನ ವಿಶೇಷ. ಸೀಟು ಕೊಟ್ಟಿದೀನಿ. ಶುಕ್ರವಾರದೊಳಗೆ ಹೇಳಿ."

ವಾಪಸು ಬರುವಾಗ ಆಟೋದಲ್ಲಿ ಇಬ್ಬರೂ ಒಂದೊಂದು ಕಡೆ ನೋಡುತ್ತ ಕೂತಿದ್ದರು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಚಂದ್ರಮತಿಯವರು ಶುರು ಮಾಡಿದರು.

"ಕೇಳೋ ಶಾಂತವೀರ, ನಿನ್ನ ಮಗಳು ಮನೆ ಮಾತನ್ನ ಊರೋರ ಮೇಜಿನ ಮೇಲೆ ಇಟ್ಟು ಬಂದ್ಲು! ನಾನು ಇವಳಮ್ಮನಿಗೆ ಶಿಕ್ಷೆ ಕೊಟ್ಟಿದೀನಂತೆ! ಉಮಾಗೆ ಹೊಟ್ಟೆಗೆ ಹಾಕಲಿಲ್ವಾ? ಜ್ವರ ಬಂದಾಗ ಕಷಾಯ ಕಾಸಿ ಕೊಡಲಿಲ್ವಾ? ಹೆರಿಗೇಲಿ ರಾತ್ರಿಯೆಲ್ಲ ಆಸ್ಪತ್ರೆ ಬಾಗಿಲಲ್ಲಿ ಕೂತಿದ್ದೋರು ಯಾರು?... ಬೇಡ. ಆ ಕಾಲೇಜು ಬೇಡ. ನಾಳೆ ಹೋಗಿ ಇಲ್ಲೇ ಬಿ.ಕಾಂ.ಗೆ ಸೇರಿಸಿ ಬರ್ತೀನಿ."

"ಅಜ್ಜಿ, ನಾನು ಸುಳ್ಳೇನು ಹೇಳ್ದೆ?"

"ಸುಳ್ಳು ಹೇಳಿದ್ರೆ ಒಂದೇಟು ಕೊಟ್ಟು ಸುಮ್ನಾಗ್ತಿದ್ದೆ!" ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವರು ಅಳುವುದನ್ನು ಆ ಮನೆಯಲ್ಲಿ ಯಾರೂ ಬಹಳ ಕಾಲದಿಂದ ನೋಡಿರಲಿಲ್ಲ.

ಉಮಾಳಿಗೆ ಆಗಷ್ಟೇ ವಿಷಯ ತಿಳಿಯಿತು. ತನ್ನ ಪರವಾಗಿ ಒಬ್ಬರು ಬಾಯಿ ತೆರೆದು ಮಾತಾಡಿದರು ಎಂಬುದು ಅವಳಿಗೆ ಒಮ್ಮೆಲೇ ನಂಬಲಾಗಲಿಲ್ಲ. ಗಂಡ ಒಳ್ಳೆಯವನು, ಆದರೆ ತಾಯಿಯ ಎದುರು ಅವನ ಒಳ್ಳೆಯತನ ಕೆಮ್ಮಿನಲ್ಲೇ ಮುಗಿಯುತ್ತಿತ್ತು. ಅವಳು ಬಂದು ಮಗಳ ತಲೆಯ ಮೇಲೆ ಕೈಯಿಟ್ಟು, "ಹೇಳಬಾರದಾಗಿತ್ತು ಕಣೇ," ಎಂದಳು. ಆ ಕೈ ಅಲ್ಲೇ ಇತ್ತು. ಬಳಿಕ ಅತ್ತೆಯ ಕಡೆ ತಿರುಗಿದಳು.

"ಅತ್ತೆ, ಮಧ್ಯಾಹ್ನದ ಹೊತ್ತು ಅಂಗಡೀಲಿ ನಾನು ಕೂರ್ತೀನಿ. ಇವಳು ಹೋಗಲಿ."

ಶಾಂತವೀರಪ್ಪ ಕುರ್ಚಿಯಲ್ಲಿ ನೆಟ್ಟಗಾದ. ಚಂದ್ರಮತಿಯವರು ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿನ್ನ ಕೈಯಿಂದ ಯಾರು ತಗೋತಾರೆ ಪಾತ್ರೆ? ನಾಳೆ ತಮ್ಮಯ್ಯ ಬರ್ತಾನೆ, ಮದುವೆ ಅಡುಗೆ ಹಿಡಿದಿದಾನೆ. ಅವತ್ತು ಅನ್ನ ಚೆಲ್ಲಿದವನೂ ಅವನೇ. ಅವನನ್ನೇ ಕೇಳು. ಉಮಮ್ಮನ ಕೈಯಿಂದ ತಗೋತೀನಿ ಅಂತ ಅವನು ಹೇಳಲಿ, ಇವಳು ಆ ಕಾಲೇಜಿಗೆ ಹೋಗಲಿ. ನಾನು ಅಡ್ಡ ಬರಲ್ಲ."

ತಮ್ಮಯ್ಯ ಬೆಳಿಗ್ಗೆಯೇ ಬಂದ. ಕನ್ನಡದವನೇ, ಮೈಲಾಪೂರಿನ ಮಂಟಪಗಳಲ್ಲಿ ತಲೆ ನರೆಯಿಸಿಕೊಂಡ ಅಡುಗೆ ಮೇಸ್ತ್ರಿ. ಅಂದಾನಿ ಹಂಡೆಗಳನ್ನು ಹೊರಗೆ ಉರುಳಿಸುತ್ತಿದ್ದ. ಪಕ್ಕದ ಮೆಟ್ಟಿಲು ಇಳಿದು ಉಮಾ ಅಂಗಡಿಯ ಮುಂದೆ, ಬೀದಿಯಲ್ಲೇ ನಿಂತು ಕೇಳಿದಳು. ಮಗಳು ಅವಳ ಹಿಂದೆ. ಮುದುಕಿ ಒಳಗೆ, ಮಣೆಯ ಮೇಲೆ.

"ತಮ್ಮಯ್ಯನೋರೆ, ಇನ್ನು ಮೇಲೆ ಅಂಗಡೀಲಿ ನಾನು ಕೂತ್ರೆ ನೀವು ಪಾತ್ರೆ ತಗೊಂಡು ಹೋಗ್ತೀರಾ?"

ತಮ್ಮಯ್ಯ ಹೆಗಲ ಮೇಲಿನ ವಸ್ತ್ರ ತೆಗೆದು ಕತ್ತು ಒರೆಸಿಕೊಂಡ. ಏನು ಹೇಳಬೇಕೆಂದು ತಿಳಿಯದೆ ಅಂದಾನಿಯನ್ನು ನೋಡಿದ. ಅಂದಾನಿ ಒಂದು ಬಾಣಲೆಯನ್ನು ಸುಮ್ಮನೆ ಒರೆಸತೊಡಗಿದ.

"ಉಮಮ್ಮ, ನಿಮ್ಮ ಮೇಲೆ ನನಗೇನಿದೆ ಹೇಳಿ? ನೀವು ಚಿಕ್ಕ ಹುಡುಗಿ ಆಗ. ನಾನಾದ್ರೆ ತಗೊಂಡು ಹೋಗ್ತೀನಿ. ಆದ್ರೆ ಮದುವೆ ಮನೆ ಹೆಂಗಸರು ಇದಾರಲ್ಲ... ಆ ಹಳೇ ಮಾತು ಈಗಲೂ ಎತ್ತುತ್ತಾರೆ. ಯಾರು ಕೊಟ್ರು ಅಂತ ನನ್ನನ್ನೇ ಕೇಳ್ತಾರೆ. ಒಲೆ ಮುಂದೆ ನಿಂತು ನಾನು ಸುಳ್ಳು ಹೇಳೋನಲ್ಲ. ತಪ್ಪು ತಿಳ್ಕೋಬೇಡಿ ತಾಯಿ."

ಸೌಂದರ್ಯಾ ಬಿಕ್ಕಿದಳು. ಅವಳ ಕಾಲೇಜಿನ ಮಾತು ಆ ಬೀದಿಯಲ್ಲೇ ಮುಗಿದುಹೋಯಿತು ಎಂದೇ ಎಲ್ಲರೂ ಅಂದುಕೊಂಡರು. ಚಂದ್ರಮತಿಯವರ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ. ಹೀಗೆಯೇ ಆಗುತ್ತದೆಂದು ಗೊತ್ತಿದ್ದವರ ದಣಿವು ಇತ್ತು.

ಉಮಾ ಅಳಲಿಲ್ಲ. ಗೋಡೆಯ ಹಿಂದಿನ ಕಡೆ ಕೈ ತೋರಿಸಿ ಕೇಳಿದಳು.

"ಒಳಗಿನ ಸಾಲು? ತಿಥಿಗೆ, ಕರ್ಮಕ್ಕೆ? ಅದನ್ನ ನನ್ನ ಕೈಯಿಂದ ತಗೋತೀರಾ?"

"ಅದನ್ನ ಯಾರು ಬೇಡ ಅಂತಾರಮ್ಮ!" ತಮ್ಮಯ್ಯನಿಗೆ ಉಸಿರು ಬಂದಂತಾಯಿತು. "ಅದನ್ನ ಮುಟ್ಟೋರೇ ಸಿಗಲ್ಲ. ಈ ಅಂದಾನೀನೇ ನೋಡಿ, ತಿಥಿ ಕೊಪ್ಪರಿಗೆ ಅಂದ್ರೆ ಇವನಿಗೆ ಸೊಂಟನೋವು ಬರುತ್ತೆ. ಧಾರಾಳವಾಗಿ ತಗೋತೀನಿ."

"ನನಗೆ ನಿಜವಾಗ್ಲೂ ಸೊಂಟನೋವು," ಎಂದ ಅಂದಾನಿ.

ಉಮಾ ಅಂಗಡಿಯ ಒಳಗೆ ನೋಡುತ್ತ ಹೇಳಿದಳು. "ಅತ್ತೆ, ಹೊರಗಿನ ಸಾಲು ನಿಮ್ಮದೇ ಇರಲಿ. ಅದರ ಹತ್ತಿರ ನಾನು ಬರಲ್ಲ. ಒಳಗಿನ ಸಾಲು ನನಗೆ ಬಿಡಿ. ನನಗೆ ಅದರಲ್ಲಿ ಮೈಲಿಗೆ ಇಲ್ಲ. ನಿಮಗೂ ಇಲ್ಲ. ಮಧ್ಯಾಹ್ನ ಆಳು ಬೇಕಾಗಿರೋದೂ ಆ ಕಡೆಗೇ."

"ಅಮ್ಮಾ! ಬೇಡ!" ಸೌಂದರ್ಯಾ ತಾಯಿಯ ತೋಳು ಹಿಡಿದು ಎಳೆದಳು. "ಇದು ತಪ್ಪು! ಯಾವುದು ಅನ್ಯಾಯ ಅಂತ ನಾನು ಅಲ್ಲಿ ಹೇಳಿದೆನೋ, ನೀನು ಅದರೊಳಗೇ ಹೋಗಿ ಕೂತ್ಕೋತಿದೀಯ! ಜನ ನಿನ್ನನ್ನ ಸಾವಿನ ಪಾತ್ರೆಯೋಳು ಅಂತಾರೆ. ನನಗೆ ಕಾಲೇಜೇ ಬೇಡ..."

"ಅನ್ನಲಿ. ಇಷ್ಟು ದಿನ ಏನು ಅಂತಿದ್ರು?" ಉಮಾ ಮಗಳ ಕೈಯನ್ನು ಬಿಡಿಸಿ, ತನ್ನ ಕೈಯಲ್ಲಿ ಹಿಡಿದುಕೊಂಡಳು. "ತಪ್ಪೇ ಇರಬಹುದು. ಯಾಕೆ ತಪ್ಪು ಅಂತ ಹೇಳೋಕೆ ನನಗೆ ಬರಲ್ಲ. ನಿನ್ನ ಅಜ್ಜಿ ಎದುರಿಗೆ ಸರಿಯಾಗಿ ಹೇಳೋದನ್ನ ನೀನು ಕಲ್ತು ಬಾ. ಅಲ್ಲೀವರೆಗೆ ಅಂಗಡಿ ಬಾಗಿಲು ತೆಗೆದಿರಬೇಕಲ್ಲಮ್ಮ?"

ತಮ್ಮಯ್ಯ ವಸ್ತ್ರದಲ್ಲಿ ಮೂಗು ಒರೆಸಿಕೊಂಡ. ಬೀದಿಯಲ್ಲಿ ಹೂವಿನವಳು ಕೂಗುತ್ತ ಹೋದಳು. ಚಂದ್ರಮತಿಯವರು ಮಣೆಯಿಂದ ಎದ್ದರು. ಎದ್ದವರು ಹಂಡೆಗಳ ಕಡೆ ತಿರುಗಿಕೊಂಡು ಮಾತಾಡಿದರು.

"ಉಮಮ್ಮನ ಕೈಯಿಂದ ತಗೋತೀನಿ ಅಂತ ತಮ್ಮಯ್ಯ ಅಂದ. ನಾನೂ ಕೇಳಿಸ್ಕೊಂಡೆ. ಶುಕ್ರವಾರದವರೆಗೆ ಯಾಕೆ ಕಾಯ್ತಾ ಕೂರ್ತೀರ? ಇವತ್ತೇ ಹೋಗಿ ಹೇಳಿ ಬರಲಿ ಹುಡುಗಿ."

ಮದರಾಸಿನ ಮಳೆಗಾಲ ಇನ್ನೂ ದೂರವಿದ್ದ ಜೂನ್ ತಿಂಗಳ ಕೊನೆಯಲ್ಲಿ ಸೌಂದರ್ಯಾ ಕಾಲೇಜಿಗೆ ಹೊರಟಳು. ತಂದೆ ಊರುಗೋಲು ಹಿಡಿದು ಕಿಟಕಿಯವರೆಗೆ ಬಂದ. ಬಸ್ ನಿಲ್ದಾಣದವರೆಗೆ ಹೋಗುವಾಗ ಅವಳು ಎರಡು ಸಲ ತಿರುಗಿ ನೋಡಿದಳು. ಅವಳ ಮನಸ್ಸು ಪೂರ್ತಿ ಹಗುರವಾಗಿರಲಿಲ್ಲ. ತಾಯಿ ಕೊಟ್ಟದ್ದನ್ನು ತೆಗೆದುಕೊಂಡು ಹೋಗುವ ಮಕ್ಕಳಿಗೆ ಹಾಗೇ ಆಗುತ್ತದೆ. ಆದರೂ ಹೋದಳು, ಹೋಗಲೇಬೇಕಿತ್ತು.

ಆ ದಿನ ಮಧ್ಯಾಹ್ನ ಉಮಾ ಅಂಗಡಿಯ ಹೊಸ್ತಿಲು ದಾಟಿ ಗೋಡೆಯ ಹಿಂದಿನ ಕಡೆ ಹೋಗಿ ಕೂತಳು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಪಾತ್ರೆಗಳಿಗೆ ಧೂಳು ಹಿಡಿದಿತ್ತು, ಮುಚ್ಚಳಗಳು ಎಲ್ಲೆಂದರಲ್ಲಿ ಬಿದ್ದಿದ್ದವು. ಒದ್ದೆ ಬಟ್ಟೆ ತೆಗೆದುಕೊಂಡು ಒಂದೊಂದನ್ನೇ ಒರೆಸಿ, ಅಳತೆಗೆ ತಕ್ಕಂತೆ ಜೋಡಿಸುತ್ತ ಬಂದಳು.

ಹೊತ್ತು ಇಳಿಯುವಾಗ ಒಬ್ಬ ಯುವಕ ಬಂದ. ಗಿಂಡಿ ಎಂಬ ಕಾರ್ಖಾನೆಗಳ ಬಡಾವಣೆಯಲ್ಲಿ ಕೆಲಸವಿರಬೇಕು, ಕತ್ತಿನಲ್ಲಿ ಇನ್ನೂ ಕಾರ್ಖಾನೆಯ ಗುರುತಿನ ಚೀಟಿ ನೇತಾಡುತ್ತಿತ್ತು. ಬಾಗಿಲಲ್ಲಿ ಮಣೆಯ ಮೇಲೆ ಕೂತಿದ್ದ ಚಂದ್ರಮತಿಯವರು ಅವನ ಮುಖ ನೋಡಿಯೇ ಒಳಗಿನ ಕಡೆ ಕೈ ತೋರಿಸಿದರು.

"ಅಮ್ಮ ಹೋಗಿಬಿಟ್ರು," ಎಂದ ಅವನು ತಮಿಳಿನಲ್ಲಿ. "ಪಾತ್ರೆ ಬೇಕು ಅಂದ್ರು ಮನೇಲಿ. ಏನೇನು ಅಂತ ನನಗೆ ಗೊತ್ತಿಲ್ಲ. ಇಂಥದ್ದೆಲ್ಲ ಅಮ್ಮನೇ ನೋಡ್ಕೋತಿದ್ರು..." ಮಾತು ಮುಂದೆ ಹೋಗಲಿಲ್ಲ. ಅವನು ಅಲ್ಲೇ, ಕೊಪ್ಪರಿಗೆಗಳ ನಡುವೆ ನಿಂತು, ಚಿಕ್ಕ ಮಗುವಿನ ಹಾಗೆ ಅತ್ತ.

ಉಮಾ ಒಂದು ಲೋಟ ನೀರು ಕೊಟ್ಟಳು. ಅವನು ಅಳು ಮುಗಿಸುವವರೆಗೆ ಕಾದಳು. ಆಮೇಲೆ ಒಂದೊಂದಾಗಿ ಕೇಳಿದಳು. ಎಷ್ಟು ಜನ ಬರಬಹುದು, ಅಡುಗೆ ಯಾರು ಮಾಡುತ್ತಾರೆ, ಮನೆಯ ಹಿಂದೆ ಒಲೆ ಹೂಡಲು ಜಾಗ ಇದೆಯೇ, ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ. ಅವನಿಗೆ ತಿಳಿದದ್ದು ಹೇಳಿದ, ತಿಳಿಯದ್ದನ್ನು ಅವಳೇ ಅಂದಾಜು ಮಾಡಿಕೊಂಡಳು. ಅನ್ನಕ್ಕೆ ದೊಡ್ಡ ಹಂಡೆ, ಸಾರಿಗೆ ಕೊಪ್ಪರಿಗೆ, ಮಜ್ಜಿಗೆಗೆ ಚಿಕ್ಕದು. ಅಂದಾನಿ ಗೊಣಗದೆ ಗಾಡಿಗೆ ಏರಿಸಿದ. ಯಜಮಾನಿಯೇ ಮುಟ್ಟಿ ಕೊಡುವಾಗ ಅವನೇನು ಗೊಣಗಿಯಾನು?

ಹೊರಡುವಾಗ ಯುವಕ ತಿರುಗಿ ನಿಂತ. "ಅಪ್ಪ ಹೋದಾಗಲೂ ಇಲ್ಲಿಂದಲೇ ತಗೊಂಡಿದ್ವಿ. ನಿಮ್ಮನ್ನ ನೋಡಿರಲಿಲ್ಲ. ನೀವು ಕೆಲಸಕ್ಕೆ ಹೊಸದಾಗಿ ಬಂದೋರಾ?"

"ಇಲ್ಲಪ್ಪ. ನಮ್ಮದೇ ಅಂಗಡಿ," ಎಂದಳು ಉಮಾ.

ಗಾಡಿ ಗಲ್ಲಿಯ ತಿರುವಿನಲ್ಲಿ ಮರೆಯಾಯಿತು. ಬಾಗಿಲಲ್ಲಿ ಕೂತಿದ್ದ ಚಂದ್ರಮತಿಯವರಿಗೆ ಆ ಮಾತು ಕೇಳಿಸಿತ್ತು. ಅವರು ತಿರುಗಲಿಲ್ಲ. ಬೀದಿಯ ಕಡೆಗೇ ಮುಖ ಮಾಡಿಕೊಂಡು, ಸ್ವಲ್ಪ ಜೋರಾಗಿ, ಒಳಗಿನ ಕಡೆಗೆ ಕೇಳುವಂತೆ ಅಂದರು:

"ಉಮಾ, ದೊಡ್ಡ ಹಂಡೆ ಜೊತೆ ಮುಚ್ಚಳ ಕಳಿಸಿದ್ಯಾ?"

ಉಮಾಳ ಕೈಯಲ್ಲಿದ್ದ ಬಟ್ಟೆ ಅರೆಗಳಿಗೆ ನಿಂತಿತು.

"ಕಳಿಸಿದೆ ಅತ್ತೆ."